ಸ್ಟೆಂಟ್ ಬೇಡವೆಂದರೆ ಪಾಪವೇ?

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ಮಗನೊಡನೆ ನನ್ನ ಬಳಿ ಬಂದರು. "ಫಾದರ್, ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತದೆ. ಡಾಕ್ಟರು ಸ್ಟೆಂಟ್ ಹಾಕಿಸಬಹುದು ಅಂದಿದ್ದಾರೆ. ಜಮೀನು ಅಡವಿಡಲು ನನಗೆ ಮನಸ್ಸಿಲ್ಲ. ಬೇಡವೆಂದರೆ ಪಾಪವಾಗುತ್ತದೆಯೇ?" ಮಗನ ಕಣ್ಣಲ್ಲಿ ನೀರು. ಹೃದಯಾಘಾತವಾಗಿದ್ದ ಚಿಕ್ಕಪ್ಪ ಸ್ಟೆಂಟ್‌ನಿಂದಲೇ ಬದುಕಿದ್ದನ್ನು ಅವನು ಕಂಡಿದ್ದ.

ಪ್ರಿಯ ಓದುಗರೇ, ಜೀವ ದೇವರ ಕೊಡುಗೆ. ಅದನ್ನು ಕಾಪಾಡುವುದು ನಮ್ಮ ಕರ್ತವ್ಯ. ಆದರೆ ಎಲ್ಲಿಯವರೆಗೆ? 1957ರ ನವೆಂಬರಿನಲ್ಲಿ ಪೋಪ್ ಹನ್ನೆರಡನೇ ಪಿಯುಸ್ ವೈದ್ಯರಿಗೆ ಇದನ್ನು ವಿವರಿಸಿದರು: ಸಾಮಾನ್ಯ ಸಾಧನಗಳನ್ನು ಬಳಸಲೇಬೇಕು, ತನಗಾಗಲಿ ಇತರರಿಗಾಗಲಿ ಭಾರಿ ಹೊರೆಯಾಗುವಂಥವು ಕಡ್ಡಾಯವಲ್ಲ. ಹಾಗಾದರೆ ಸ್ಟೆಂಟ್ ಯಾವ ಬಗೆಯದು? ಆ ಪುಟ್ಟ ಲೋಹದ ಜಾಲರಿಯನ್ನು ನೋಡಿ ಹೇಳಲಾಗದು. ಈ ರೋಗಿಗೆ, ಈ ಹೊತ್ತಿನಲ್ಲಿ ಅದು ಏನು ಮಾಡಬಲ್ಲದು ಎಂದು ನೋಡಬೇಕು.

ಹೃದಯಾಘಾತದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ನಿಮಿಷ ಕಳೆದಂತೆ ಹೃದಯದ ಸ್ನಾಯು ಸಾಯುತ್ತದೆ. ಆಗ ನಾಳವನ್ನು ಬೇಗ ತೆರೆದು ಸ್ಟೆಂಟ್ ಹಾಕಿದರೆ ಜೀವ ಉಳಿಯುತ್ತದೆ. ಆ ಹೊತ್ತಿನಲ್ಲಿ "ದೇವರಿದ್ದಾನೆ" ಎಂದು ಮನೆಯಲ್ಲೇ ಕೂರುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸಿದಂತೆ.

ನಡೆದಾಗ ಬಂದು, ನಿಂತಾಗ ಹೋಗುವ ಹಳೆಯ ಎದೆನೋವಿನ ಮಾತು ಬೇರೆ. 2007ರಲ್ಲಿ ಪ್ರಕಟವಾದ 'ಕರೇಜ್' ಅಧ್ಯಯನ, 2020ರ 'ಇಸ್ಕೀಮಿಯಾ' ಅಧ್ಯಯನ ಎರಡೂ ಕಂಡದ್ದು ಒಂದೇ: ಇಂಥವರಲ್ಲಿ ಒಳ್ಳೆಯ ಔಷಧೋಪಚಾರದ ಜೊತೆಗೆ ಸ್ಟೆಂಟ್ ಹಾಕಿದರೂ ಸಾವು ಕಡಿಮೆಯಾಗಲಿಲ್ಲ, ಎದೆನೋವು ಮಾತ್ರ ಇಳಿಯಿತು. ಎಡಭಾಗದ ಮುಖ್ಯ ನಾಳ ಕಟ್ಟಿದವರಿಗೆ, ಹೃದಯ ತೀರಾ ದುರ್ಬಲವಾದವರಿಗೆ ಈ ಮಾತು ಹೊಂದದು. ಆದ್ದರಿಂದ "ಇದು ನನ್ನ ಆಯುಷ್ಯಕ್ಕೋ, ನೋವಿಗೋ?" ಎಂದು ಡಾಕ್ಟರನ್ನು ಕೇಳಲೇಬೇಕು. ಅವರೂ ನಿಜ ಹೇಳಲೇಬೇಕು. ಹೆದರಿಸಿ ಒಪ್ಪಿಸುವುದು ಅನ್ಯಾಯ.

ಸ್ಟೆಂಟ್ ಹಾಕಿಸಿಕೊಂಡವರಿಗೂ ಕರ್ತವ್ಯವಿದೆ. ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷ, ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ರಕ್ತಸ್ರಾವದ ಅಪಾಯ ಇದ್ದೇ ಇದೆ. ಆದರೂ ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಕುತ್ತಾದೀತು.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: "ಡಾಕ್ಟರನ್ನು ಸರಿಯಾಗಿ ಕೇಳಿ ತಿಳಿದುಕೊಂಡ ಮೇಲೆ ಸ್ಟೆಂಟ್ ಬೇಡವೆನ್ನಬಹುದು, ಪಾಪವಿಲ್ಲ. ಆದರೆ ಮಾತ್ರೆ ಬೇಡ, ಬೀಡಿ ಬೇಕು ಎನ್ನುವಂತಿಲ್ಲ. ಸುಮ್ಮನೆ ಕೂತಾಗಲೂ ಎದೆನೋವು ಬಂದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು." ಮಗನಿಗೆ ಹೇಳಿದೆ: "ಅಪ್ಪನ ಮೇಲಿನ ಪ್ರೀತಿಯನ್ನು ಸಾಲದಿಂದ ಅಳೆಯಬೇಡ. ದಿನಾ ಸಂಜೆ ಅವರ ಜೊತೆ ಸ್ವಲ್ಪ ದೂರ ನಡೆ."