ಪ್ರಜಾಪ್ರಭುತ್ವ, ಗಣರಾಜ್ಯ ಮತ್ತು ಎಡನೀರಿನ ಮೊಕದ್ದಮೆ



ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಏನು ವ್ಯತ್ಯಾಸ ಎಂದು ಮಕ್ಕಳು ಕೇಳಿದರೆ ನಾವೆಲ್ಲ ಕೊಡುವ ಉತ್ತರ ಒಂದೇ. ಮೊದಲನೆಯದು ಬ್ರಿಟಿಷರ ಆಳ್ವಿಕೆ ಮುಗಿದ ದಿನ, ಎರಡನೆಯದು ನಮ್ಮ ಸಂವಿಧಾನ ಜಾರಿಗೆ ಬಂದ ದಿನ. ಆದರೆ ಈಗಿನ ಮಕ್ಕಳು ಅಷ್ಟಕ್ಕೇ ಬಿಡುವುದಿಲ್ಲ. ಸಂವಿಧಾನದ ಪೀಠಿಕೆಯಲ್ಲಿ ‘ಪ್ರಜಾಸತ್ತಾತ್ಮಕ’ ಎಂದೂ ಇದೆ, ‘ಗಣರಾಜ್ಯ’ ಎಂದೂ ಇದೆ. ಎರಡರ ಅರ್ಥವೂ ಒಂದೇ ಆದರೆ ಎರಡು ಪದಗಳು ಯಾಕೆ? ಬೇರೆ ಬೇರೆ ಆದರೆ ಆ ಬೇರೆ ಏನು?

ಪ್ರಶ್ನೆ ಚಿಕ್ಕದಲ್ಲ. ಸಂವಿಧಾನ ಸಭೆಯಲ್ಲೇ ಇದು ಬಂದಿತ್ತು. 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಅವರು ಮಂಡಿಸಿದ ಧ್ಯೇಯ ನಿರ್ಣಯದಲ್ಲಿ ‘ಗಣರಾಜ್ಯ’ ಎಂಬ ಪದವಿತ್ತು, ‘ಪ್ರಜಾಸತ್ತಾತ್ಮಕ’ ಎಂಬುದು ಇರಲಿಲ್ಲ. ಗಣರಾಜ್ಯ ಎಂದ ಮೇಲೆ ಪ್ರಜಾಪ್ರಭುತ್ವ ಅದರೊಳಗೇ ಬಂತಲ್ಲ ಎಂಬ ಅರ್ಥದ ಮಾತನ್ನು ಅವರು ಅಂದು ಹೇಳಿದ್ದರು. ಆದರೆ ಕೊನೆಗೆ ಪೀಠಿಕೆ ಸಿದ್ಧವಾದಾಗ ಎರಡು ಪದಗಳೂ ಅದರಲ್ಲಿ ಸೇರಿದ್ದವು. ಒಂದರೊಳಗೆ ಇನ್ನೊಂದು ತಾನಾಗಿ ಬರುವುದಿಲ್ಲ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಫಹಾಹೀಲ್‌ನಲ್ಲಿ ಕುಳಿತೇ ಅರ್ಥ ಮಾಡಿಕೊಳ್ಳಬಹುದು.

ನಮಗೆ ಅನ್ನ ಕೊಡುತ್ತಿರುವ ಕುವೈತ್ ದೇಶದ ಸಂವಿಧಾನ 1962ರದು. ಅದರ 4ನೇ ವಿಧಿಯ ಪ್ರಕಾರ ಇದು ವಂಶಪಾರಂಪರ್ಯವಾದ ಎಮಿರೇಟ್, ಆದ್ದರಿಂದ ಗಣರಾಜ್ಯವಲ್ಲ. 6ನೇ ವಿಧಿಯಲ್ಲಿ ಆಡಳಿತ ಪದ್ಧತಿ ಪ್ರಜಾಸತ್ತಾತ್ಮಕವಾದದ್ದು ಎಂದಿದೆ. 1963ರಲ್ಲಿ ಮೊದಲ ರಾಷ್ಟ್ರೀಯ ಸಭೆ ಚುನಾಯಿತವಾಯಿತು, 2005ರಲ್ಲಿ ಮಹಿಳೆಯರಿಗೂ ಮತದ ಹಕ್ಕು ಬಂತು. 2024ರ ಮೇ ತಿಂಗಳಲ್ಲಿ ಅಮೀರರು ಸಭೆಯನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ತಡೆಹಿಡಿದರು. ಅತಿಥಿಗಳಾಗಿ ಬಂದಿರುವ ನಾವು ಮನೆಯವರ ವ್ಯವಹಾರಕ್ಕೆ ಬಾಯಿ ಹಾಕುವುದು ಸಲ್ಲದು. ರಾಜವಂಶವೂ ಚುನಾವಣೆಯೂ ಒಂದೇ ಸಂವಿಧಾನದಲ್ಲಿ ಇರಬಲ್ಲವು ಎಂಬುದಷ್ಟೇ ಇಲ್ಲಿ ನಮಗೆ ಬೇಕಾದ ವಿಷಯ. ಇಂಗ್ಲೆಂಡ್, ಜಪಾನ್‌ಗಳನ್ನು ನೋಡಿದರೂ ಇದು ತಿಳಿಯುತ್ತದೆ.

ಇನ್ನು ಉತ್ತರದ ಗಡಿಯಾಚೆ ನೋಡಿ. 1990ರ ಆಗಸ್ಟ್ 2ರಂದು ಈ ನೆಲದ ಮೇಲೆ ಟ್ಯಾಂಕುಗಳನ್ನು ನುಗ್ಗಿಸಿದ ಇರಾಕ್ ತನ್ನನ್ನು ಗಣರಾಜ್ಯ ಎಂದೇ ಕರೆದುಕೊಳ್ಳುತ್ತಿತ್ತು. ಅಲ್ಲಿ ಮತದಾನವೂ ನಡೆಯುತ್ತಿತ್ತು! 2002ರ ಅಕ್ಟೋಬರ್‌ನಲ್ಲಿ ನಡೆದ ಜನಮತಗಣನೆಯಲ್ಲಿ ಸದ್ದಾಂ ಹುಸೇನರಿಗೆ ಶೇಕಡಾ 100 ಮತ ಬಿದ್ದಿದೆ ಎಂದು ಅಧಿಕೃತವಾಗಿ ಘೋಷಿಸಲಾಯಿತು. ಹೆಸರೂ ಇತ್ತು, ಮತಪೆಟ್ಟಿಗೆಯೂ ಇತ್ತು. ಇಲ್ಲದೇ ಇದ್ದದ್ದು ಏನು? ‘ಬೇಡ’ ಎನ್ನುವವನು ಮರುದಿನ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಲ್ಲ ಎಂಬ ಧೈರ್ಯ.

ನಮ್ಮ ತಿಳಿವಳಿಕೆಯಲ್ಲಿ ಎರಡು ಪದಗಳ ವ್ಯತ್ಯಾಸ ಹೀಗೆ. ಯಾರು ತೀರ್ಮಾನ ಮಾಡಬೇಕು ಎಂಬ ಪ್ರಶ್ನೆಗೆ ಪ್ರಜಾಪ್ರಭುತ್ವ ಉತ್ತರ ಕೊಡುತ್ತದೆ: ಹೆಚ್ಚು ಜನ ಹೇಳಿದಂತೆ. ಈ ರಾಜ್ಯ ಯಾರ ಸ್ವತ್ತು ಎಂಬ ಪ್ರಶ್ನೆಗೆ ಗಣರಾಜ್ಯ ಉತ್ತರ ಕೊಡುತ್ತದೆ: ಎಲ್ಲರದು; ಗೆದ್ದವರದೂ ಹೌದು, ಸೋತವರದೂ ಹೌದು. ರಾಜನಿಲ್ಲದಿರುವುದು ಗಣರಾಜ್ಯದ ಹೊರಗಿನ ಗುರುತು ಮಾತ್ರ. ಒಬ್ಬ ರಾಜನ ಇಷ್ಟದಂತೆ ನಡೆಯಬಾರದು ಎಂದ ಮೇಲೆ, ಒಂದು ಕೋಟಿ ಜನರ ಇಷ್ಟವಾದರೂ ಉಳಿದವರ ಪಾಲಿಗೆ ರಾಜನಾಗಬಾರದಲ್ಲವೇ? ಹಾಗಾದರೆ ಬಹುಮತದಿಂದ ಏನೇನು ಮಾಡಬಹುದು, ಏನು ಮಾಡಬಾರದು? ಈ ಪ್ರಶ್ನೆಯನ್ನು ಭಾರತದ ಸುಪ್ರೀಂ ಕೋರ್ಟಿಗೆ ಒಯ್ದ ಮೊಕದ್ದಮೆ ಹೊರಟದ್ದು ಒಂದು ಕನ್ನಡದ ಮಠದಿಂದ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿರಲಿಕ್ಕಿಲ್ಲ.

ಕಾಸರಗೋಡಿನ ಹತ್ತಿರದ ಎಡನೀರು ಮಠ ಶಂಕರ ಪರಂಪರೆಯದು. 1960ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲೇ, ಅದರ ಪೀಠವೇರಿದವರು ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿ. ಯಕ್ಷಗಾನ ಮತ್ತು ಸಂಗೀತಕ್ಕೆ ಆ ಮಠ ಕೊಟ್ಟ ಆಶ್ರಯ ಕರಾವಳಿಯವರಿಗೆ ಗೊತ್ತೇ ಇದೆ. ಕೇರಳ ಸರ್ಕಾರದ ಭೂಸುಧಾರಣೆ ಕಾನೂನಿನಿಂದ ಮಠದ ಭೂಮಿ ಕೈತಪ್ಪುವ ಪರಿಸ್ಥಿತಿ ಬಂದಾಗ ಅವರು 1970ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಅವರ ಪರ ವಾದಿಸಿದವರು ನಾನಿ ಪಾಲ್ಖಿವಾಲಾ.

ಅರ್ಜಿ ಬಾಕಿಯಿರುವಾಗಲೇ ದೆಹಲಿಯಲ್ಲಿ ಗಾಳಿ ಬದಲಾಯಿತು. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ 352 ಸ್ಥಾನಗಳು ಬಂದವು. ಅದೇ ವರ್ಷ ಸಂವಿಧಾನದ 24ನೇ ತಿದ್ದುಪಡಿ ಆಯಿತು. ಮೂಲಭೂತ ಹಕ್ಕುಗಳೂ ಸೇರಿದಂತೆ ಸಂವಿಧಾನದ ಯಾವ ಭಾಗವನ್ನಾದರೂ ಸಂಸತ್ತು ತಿದ್ದಬಹುದು, ತೆಗೆದುಹಾಕಬಹುದು ಎಂಬುದು ಅದರ ಸಾರಾಂಶ. 1972ರ 29ನೇ ತಿದ್ದುಪಡಿ ಕೇರಳದ ಭೂ ಕಾನೂನುಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿತು. ಹೀಗಾಗಿ ಎಡನೀರಿನ ಜಮೀನಿನ ವ್ಯಾಜ್ಯ ಇಡೀ ದೇಶದ ವ್ಯಾಜ್ಯವಾಯಿತು: ಜನರಿಂದ ಚುನಾಯಿತವಾದ ಸಂಸತ್ತಿಗೆ ಮಿತಿ ಎಂಬುದು ಇದೆಯೇ?

ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಸಂಸತ್ತು ಸಂವಿಧಾನದ ಯಾವ ವಿಧಿಯನ್ನಾದರೂ ತಿದ್ದಬಹುದು. ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಮೂಲ ಸ್ವರೂಪದಲ್ಲಿ ಏನೇನು ಸೇರುತ್ತದೆ ಎಂದು ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿಯವರು ಕೊಟ್ಟ ಪಟ್ಟಿಯಲ್ಲಿ ಗಣರಾಜ್ಯ ಮತ್ತು ಪ್ರಜಾಪ್ರಭುತ್ವ ಎರಡೂ ಇವೆ. ನಮ್ಮ ಮಕ್ಕಳ ಪ್ರಶ್ನೆಯ ಎರಡು ಪದಗಳು ಅಲ್ಲಿ ಒಂದೇ ಸಾಲಿನಲ್ಲಿ ಕುಳಿತಿವೆ.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಸ್ವಾಮೀಜಿಯವರಿಗೆ ಭೂಮಿ ಮರಳಿ ಬರಲಿಲ್ಲ. 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಮೊಕದ್ದಮೆ ಹೂಡಿದವರಿಗೆ ಸಿಗದ ರಕ್ಷಣೆ ಇಡೀ ದೇಶಕ್ಕೆ ಸಿಕ್ಕಿತು! ಹೀಗಾದದ್ದು ಅನ್ಯಾಯವೇ? ಹಾಗೆಂದು ಹೇಳಿಬಿಡುವುದು ಸುಲಭವಲ್ಲ.

ಏಕೆಂದರೆ ಇನ್ನೊಂದು ಪಕ್ಷವನ್ನೂ ನೋಡಬೇಕು. ತಲೆತಲಾಂತರದಿಂದ ಗದ್ದೆ ಉತ್ತು, ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಗೇಣಿಗೆ ಅಳೆದುಕೊಟ್ಟು, ಯಾವಾಗ ಎಬ್ಬಿಸುತ್ತಾರೋ ಎಂಬ ಭಯದಲ್ಲೇ ಬದುಕಿದ ಒಕ್ಕಲುಗಳಿಗೆ ನ್ಯಾಯ ಸಿಕ್ಕಿದ್ದು ಮತದ ಬಲದಿಂದಲೇ. ಕರ್ನಾಟಕದಲ್ಲಿಯೂ ದೇವರಾಜ ಅರಸು ಅವರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದವರ ಮನೆಯ ಮಕ್ಕಳೂ, ಆ ಡಿಕ್ಲರೇಶನಿನಿಂದ ಭೂಮಿ ಕಳೆದುಕೊಂಡವರ ಮನೆಯ ಮಕ್ಕಳೂ ಇಂದು ಇದೇ ಫಹಾಹೀಲ್‌ನಲ್ಲಿ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುತ್ತೇವೆ. ಒಬ್ಬರ ಮನೆಯಲ್ಲಿ ಅದು ಬಿಡುಗಡೆಯ ಕಥೆ, ಇನ್ನೊಬ್ಬರ ಮನೆಯಲ್ಲಿ ಕಣ್ಣೀರಿನ ಕಥೆ. ಎರಡೂ ಸುಳ್ಳಲ್ಲ. ‘ನಿಯಮ, ಹಕ್ಕು’ ಎಂದು ಮಾತ್ರ ಹೇಳುತ್ತಾ ಕುಳಿತಿದ್ದರೆ ಉಳುವವನಿಗೆ ಎಂದೂ ಹೊಲ ಸಿಗುತ್ತಿರಲಿಲ್ಲ.

ಆದ್ದರಿಂದ ಆ ತೀರ್ಪಿನ ವಿವೇಕ ನಮಗೆ ದೊಡ್ಡದಾಗಿ ಕಾಣುತ್ತದೆ. ಬಹುಮತ ಸ್ವಾಮೀಜಿಯವರ ಭೂಮಿಯನ್ನು ತೆಗೆದುಕೊಳ್ಳಬಹುದಾಗಿತ್ತು. ‘ಯಾಕೆ ತೆಗೆದುಕೊಂಡಿರಿ’ ಎಂದು ಕೇಳುವ ಅವರ ಜಾಗವನ್ನು ತೆಗೆದುಕೊಳ್ಳುವಂತಿರಲಿಲ್ಲ. ಪ್ರಜಾಪ್ರಭುತ್ವಕ್ಕೆ ಅದರ ಪಾಲು ಸಿಕ್ಕಿತು, ಗಣರಾಜ್ಯಕ್ಕೆ ಅದರ ಪಾಲು ಉಳಿಯಿತು. ಇದರ ಬೆಲೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. 1975ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ಪ್ರಶ್ನಿಸದಂತೆ ಸಂಸತ್ತು 39ನೇ ತಿದ್ದುಪಡಿ ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ರದ್ದು ಮಾಡಿತು. ಆಧಾರ ಎಡನೀರಿನ ಮೊಕದ್ದಮೆಯ ತೀರ್ಪು.

ಈ ಕಥೆಯಲ್ಲಿ ಇನ್ನೊಬ್ಬ ಕನ್ನಡಿಗರೂ ಇದ್ದಾರೆ. ಬಹುಮತದ ತೀರ್ಪು ಬರೆದವರಲ್ಲಿ ಕಾರ್ಕಳ ತಾಲೂಕಿನವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಒಬ್ಬರು. ತೀರ್ಪು ಬಂದ ಕೂಡಲೇ ಮುಖ್ಯ ನ್ಯಾಯಮೂರ್ತಿಯ ಹುದ್ದೆ ಹಿರಿಯರಾದ ಶೆಲಾತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರಿಗೆ ಹೋಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಮುಂದೆ 1977ರಲ್ಲಿ ಜನರ ಮತದಿಂದಲೇ ಲೋಕಸಭೆಗೆ ಹೋಗಿ ಅದರ ಸ್ಪೀಕರ್ ಆದರು. ಬಹುಮತಕ್ಕೆ ಮಿತಿ ಇದೆ ಎಂದು ಬರೆದವರು ಬಹುಮತದ ವೈರಿಯಾಗಿರಲಿಲ್ಲ.

ಕೆಲವರು ಆಕ್ಷೇಪಿಸಬಹುದು: ಆ ತೀರ್ಪೇ 7ಕ್ಕೆ 6ರ ಅಂತರದಲ್ಲಿ ಬಂದದ್ದಲ್ಲವೇ? ಬಹುಮತಕ್ಕೆ ಮಿತಿ ಹಾಕಿದ್ದೂ ಒಂದೇ ಒಂದು ಮತದ ಬಹುಮತ, ಅದೂ ಚುನಾಯಿತರಲ್ಲದವರದು! ಆಕ್ಷೇಪ ನ್ಯಾಯವಾದದ್ದೇ. ನ್ಯಾಯಾಧೀಶರೂ ಮನುಷ್ಯರೇ, ಅವರ ಕೈಗೆ ಎಲ್ಲವನ್ನೂ ಒಪ್ಪಿಸಿ ನಿದ್ದೆ ಮಾಡುವಂತಿಲ್ಲ. ಆದರೆ ಆ ಒಂದು ಮತಕ್ಕೆ ಅಷ್ಟು ತೂಕ ಎಲ್ಲಿಂದ ಬಂತು ಎಂದು ಯೋಚಿಸಿ. ಪೀಠದಲ್ಲಿ ಹೆಚ್ಚು ಜನ ಹೇಳಿದ್ದೇ ತೀರ್ಪು ಎಂಬ ನಿಯಮ ಮೊದಲೇ ಇತ್ತು. ಆ ಏಳು ಜನ ಅಂದು ಬೆಳಿಗ್ಗೆ ಮಾಡಿಕೊಂಡ ನಿಯಮವಲ್ಲ ಅದು. ಸೋತ ಆರು ಜನರ ಅಭಿಪ್ರಾಯಗಳೂ ಅದೇ ತೀರ್ಪಿನ ಪುಸ್ತಕದಲ್ಲಿ ಅಚ್ಚಾಗಿ ಇಂದಿಗೂ ಓದಲು ಸಿಗುತ್ತವೆ. ಬಹುಮತಕ್ಕೆ ಬೆಲೆ ಬರುವುದೇ ಆ ಬಹುಮತ ತಾನಾಗಿ ಮಾಡಿಕೊಳ್ಳದ ಒಂದು ನಿಯಮದಿಂದ. ಆ ನಿಯಮವನ್ನೇ ಕಿತ್ತುಹಾಕುವ ಬಹುಮತ ತಾನು ಕುಳಿತ ಕೊಂಬೆಯನ್ನೇ ಕಡಿದಂತೆ.

ಸಾಫ್ಟ್‌ವೇರ್ ಕೆಲಸದವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಡೇಟಾಬೇಸಿನಲ್ಲಿ ಯಾರು ಬೇಕಾದರೂ ದಿನಕ್ಕೆ ಸಾವಿರ ಎಂಟ್ರಿ ಹಾಕಲಿ, ತಿದ್ದಲಿ. ಆದರೆ ಬೇರೆಯವರ ಲಾಗಿನ್ ಅಳಿಸುವ ಅಧಿಕಾರವನ್ನು ಯಾವ ಸಾಮಾನ್ಯ ಬಳಕೆದಾರನಿಗೂ ಕೊಡುವುದಿಲ್ಲ, ಅವನು ಎಷ್ಟೇ ಒಳ್ಳೆಯವನಾಗಿರಲಿ.

ಈಗ ನಮ್ಮ ಮನೆಬಾಗಿಲಿಗೇ ಬನ್ನಿ. ನಮ್ಮಂಥ ಒಂದು ಸಂಘದಲ್ಲಿ 60 ಕುಟುಂಬಗಳಿವೆ ಎಂದಿಟ್ಟುಕೊಳ್ಳಿ. ಈ ಸಲದ ಗಣೇಶ ಚತುರ್ಥಿ ಯಾವ ಹಾಲಿನಲ್ಲಿ ಎಂಬುದಕ್ಕೆ 40 ಕೈಗಳು ಒಂದು ಕಡೆ ಎದ್ದರೆ ಉಳಿದ 20 ಕುಟುಂಬಗಳು ಸಂತೋಷದಿಂದ ಬರಬೇಕು. ಆದರೆ ಅದೇ 40 ಕೈಗಳು ‘ಇನ್ನು ಮುಂದೆ ಲೆಕ್ಕಪತ್ರ ತೋರಿಸಬೇಕಾಗಿಲ್ಲ’, ‘ಇದೇ ಸಮಿತಿ ಹತ್ತು ವರ್ಷ ಇರಲಿ’, ‘ಆ ಊರಿನ ಕಡೆಯವರಿಗೆ ಸದಸ್ಯತ್ವ ಬೇಡ’ ಎಂದು ಎದ್ದರೆ? ಕೈಗಳ ಸಂಖ್ಯೆ ಅಷ್ಟೇ ಇದೆ, ಆದರೆ ಸಂಘ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಅದು 40 ಕುಟುಂಬಗಳ ಖಾಸಗಿ ಕೂಟ ಮಾತ್ರ.

ಸಂಖ್ಯೆಯಲ್ಲಿ ಕಡಿಮೆ ಇರುವುದು ಹೇಗಿರುತ್ತದೆ ಎಂದು ಎಡನೀರಿನ ಸುತ್ತಲಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದ ಕೈಗಳು ಎಷ್ಟು ಎದ್ದಾವು? ಆದರೂ ಅಲ್ಲಿ ಕನ್ನಡ ಶಾಲೆಗಳು ಇವೆ. ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕು 29ನೇ ವಿಧಿಯಲ್ಲಿ, ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಮಾತು 350ಎ ವಿಧಿಯಲ್ಲಿ ಬರೆದಿದೆ ಎಂಬುದೇ ಅವರ ಬಲ. ಬರೆದ ಮಾತ್ರಕ್ಕೆ ಎಲ್ಲವೂ ಸಿಗುವುದಿಲ್ಲ, ಕೇಳುತ್ತಲೇ ಇರಬೇಕು ಎಂಬುದೂ ಅವರಿಗೆ ಗೊತ್ತು.

ನಾವೂ ಅಂಥವರೇ. 2010ರ ತಿದ್ದುಪಡಿಯಿಂದ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳೂ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಹೋಗಬೇಕು. ರಜೆ, ಟಿಕೆಟ್ಟು, ಮಕ್ಕಳ ಪರೀಕ್ಷೆ ಎಂದು ನಮ್ಮಲ್ಲಿ ಹೆಚ್ಚಿನವರು ಎಣಿಕೆಯಿಂದ ಹೊರಗೇ ಉಳಿಯುತ್ತೇವೆ. ಆದರೂ ಊರಿನ ನಮ್ಮ ತೋಟ, ಮನೆ, ವಯಸ್ಸಾದ ತಂದೆತಾಯಿ ಎಲ್ಲವೂ ಸುರಕ್ಷಿತ ಎಂದು ನಂಬಿ ನಿದ್ದೆ ಮಾಡುತ್ತೇವೆ. ಎಣಿಕೆಗೆ ಬಾರದವರನ್ನೂ ತನ್ನವರೆಂದು ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆಯ ಮೇಲಿನ ನಂಬಿಕೆ ಅದು.

ಕೇಶವಾನಂದ ಭಾರತೀ ಸ್ವಾಮೀಜಿಯವರು 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾದರು. ಅವರ ಹೆಸರು ಭಾರತದ ಕಾನೂನು ಕಾಲೇಜುಗಳಲ್ಲೆಲ್ಲ ದಿನವೂ ಕೇಳಿಬರುತ್ತದೆ; ಕನ್ನಡದ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಈ ಸಲ ಮಕ್ಕಳು ಆ ಪ್ರಶ್ನೆ ಕೇಳಿದರೆ ಈ ಮೊಕದ್ದಮೆಯ ಕಥೆಯನ್ನೇ ಹೇಳೋಣ. ಕೊನೆಯಲ್ಲಿ ಅವರಿಗೊಂದು ಪ್ರಶ್ನೆ ಹಾಕೋಣ: ಆಟದಲ್ಲಿ ನಿನ್ನ ಕಡೆಗೇ ಹೆಚ್ಚು ಜನ ಇರುವಾಗ, ಸೋತ ಕಡೆಯವರು ನಾಳೆಯೂ ಆಡಲು ಬರುವಂತೆ ನೀನು ನಡೆದುಕೊಳ್ಳುತ್ತೀಯಾ?