ಇಂದಿನ ಧಮ್ಮ ಚಿಂತನೆ: ಬಿಟ್ಟು ಹೋದವನೆಲ್ಲ ದ್ರೋಹಿಯೇ?

 

ಧಮ್ಮ ಬಂಧುಗಳೇ, ಇಂದು ಆಟದ ಮಾತಿನಿಂದ ಶುರು ಮಾಡುತ್ತೇನೆ.

2016ರ ಜುಲೈ 4ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಡುರಾಂಟ್ ಒಕ್ಲಹೋಮ ಸಿಟಿ ಥಂಡರ್ ತಂಡ ಬಿಟ್ಟು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರುವುದಾಗಿ ತಿಳಿಸಿದ. ಆ ಋತುವಿನಲ್ಲಿ ವಾರಿಯರ್ಸ್ 82 ಲೀಗ್ ಪಂದ್ಯಗಳಲ್ಲಿ 73 ಗೆದ್ದಿತ್ತು. ಕೆಲವೇ ವಾರಗಳ ಹಿಂದೆ ಥಂಡರ್ ಅದೇ ವಾರಿಯರ್ಸ್ ವಿರುದ್ಧ 3–1ರಿಂದ ಮುಂದಿದ್ದೂ ಸರಣಿ ಸೋತಿತ್ತು. ಸೋಲಿಸಿದವರ ಮನೆಗೇ ಹೋದನಲ್ಲ ಎಂದು ಕೆಲವು ಅಭಿಮಾನಿಗಳು ಅವನ ಜೆರ್ಸಿ ಸುಟ್ಟರು. ಮುಂದಿನ ಫೆಬ್ರವರಿಯಲ್ಲಿ ಅವನು ಆಡಲು ಬಂದಾಗ ಹಳೆಯ ಊರೇ ಕೂಗಿ ಹೀಯಾಳಿಸಿತು.

ಮಗನ ಜೊತೆ ಕುಳಿತು ಈ ಆಟ ನೋಡುತ್ತಿದ್ದ ನಾನೂ 'ದ್ರೋಹಿ' ಎಂದೆ. ಮಗ ಕೇಳಿದ: "ಅಪ್ಪಾ, ಆ ತಂಡ ಒಕ್ಲಹೋಮಕ್ಕೆ ಬಂದದ್ದು ಎಲ್ಲಿಂದ ಗೊತ್ತಾ?"

ನನಗೆ ಗೊತ್ತಿರಲಿಲ್ಲ. 1967ರಿಂದ ಅದು ಸಿಯಾಟಲ್ ನಗರದ ತಂಡ. 2008ರಲ್ಲಿ ಮಾಲೀಕರು ತಂಡವನ್ನೇ ಎತ್ತಿ ಒಕ್ಲಹೋಮಕ್ಕೆ ಒಯ್ದರು. ಸಿಯಾಟಲ್‌ನಲ್ಲಿ ಒಂದೇ ಋತು ಆಡಿದ್ದ ಡುರಾಂಟ್ ತಂಡದ ಜೊತೆಯೇ ಹೋದ. ಮಾಲೀಕ ಊರು ಬಿಟ್ಟರೆ ವ್ಯವಹಾರ, ಆಟಗಾರ ಬಿಟ್ಟರೆ ದ್ರೋಹ. ಇದು ಯಾವ ನ್ಯಾಯ?

ಬಿಟ್ಟು ಹೋಗುವ ಹಕ್ಕು ಆಟಗಾರರಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಬೇಸ್‌ಬಾಲ್‌ನ ಕಪ್ಪು ಆಟಗಾರ ಕರ್ಟ್ ಫ್ಲಡ್ 12 ವರ್ಷ ಸೇಂಟ್ ಲೂಯಿಸ್‌ಗಾಗಿ ಆಡಿದ. 1969ರಲ್ಲಿ ತಂಡ ಅವನನ್ನು ಒಂದು ಮಾತೂ ಕೇಳದೆ ಫಿಲಡೆಲ್ಫಿಯಕ್ಕೆ ಕೊಟ್ಟಿತು. ಕೊಂಡು ಮಾರುವ ಸ್ವತ್ತು ನಾನಲ್ಲ ಎಂದು ಅವನು ಪ್ರತಿಭಟಿಸಿ ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಅಷ್ಟರಲ್ಲಿ ಅವನ ಆಟದ ಬದುಕೂ ಮುಗಿದಿತ್ತು. 1975ರ ಕೊನೆಗೆ ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ ಆ ಬಾಗಿಲು ತೆರೆಯಿತು.

ಮಗನ ಪ್ರಶ್ನೆ ನನಗೆ ಇನ್ನೊಂದನ್ನು ನೆನಪಿಸಿತು. ನಾನು ದೀಕ್ಷೆ ಪಡೆದಾಗ ನನ್ನ ಚಿಕ್ಕಪ್ಪ "ಹುಟ್ಟಿದ ಮನೆಗೆ ದ್ರೋಹ ಮಾಡಿದೆ" ಎಂದು ಆರು ತಿಂಗಳು ಮಾತು ಬಿಟ್ಟಿದ್ದರು. ಆ ಮನೆ ನಮ್ಮನ್ನು ಯಾವ ಜಾಗದಲ್ಲಿ ನಿಲ್ಲಿಸಿತ್ತು ಎಂದು ಅವರು ಕೇಳಿಕೊಳ್ಳಲಿಲ್ಲ. ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಘೋಷಣೆ ಮಾಡಿದರು. ನಾಗಪುರದಲ್ಲಿ ಧಮ್ಮ ಸ್ವೀಕರಿಸಿದ್ದು 1956ರಲ್ಲಿ. ನಡುವಿನ 21 ವರ್ಷ ಲೆಕ್ಕಕ್ಕೇ ಬರಲಿಲ್ಲ.

ತಪ್ಪು ತಿಳಿಯಬೇಡಿ. ಡುರಾಂಟ್ ಭಾರೀ ಶ್ರೀಮಂತ, ಅವನು ಹೋದದ್ದು ಗೆಲುವಿಗಾಗಿ. ಅದನ್ನು ನಮ್ಮ ದೀಕ್ಷೆಗೆ ನಾನು ಹೋಲಿಸುತ್ತಿಲ್ಲ. ಹೋಲಿಸುತ್ತಿರುವುದು ಚಿಕ್ಕಪ್ಪನ ನಾಲಿಗೆಯನ್ನು ನನ್ನ ನಾಲಿಗೆಗೆ.

ಬಲಿಷ್ಠ ತಂಡ ಇನ್ನೂ ಬಲಿಷ್ಠವಾದರೆ ಆಟದ ರುಚಿ ಕೆಡುತ್ತದೆ ಎನ್ನಿ, ಅದು ವಿಮರ್ಶೆ. ವಾರಿಯರ್ಸ್ 2017 ಮತ್ತು 2018ರಲ್ಲಿ ಪ್ರಶಸ್ತಿ ಗೆದ್ದದ್ದೂ ನಿಜ. ಆದರೆ 'ದ್ರೋಹಿ' ಎಂಬ ಮಾತು ವಿಮರ್ಶೆಯಿಂದ ಬರುವುದಿಲ್ಲ, 'ನನ್ನ ತಂಡ, ನನ್ನ ಆಟಗಾರ' ಎಂಬ ಉಪಾದಾನದಿಂದ ಬರುತ್ತದೆ. ನಮ್ಮದಲ್ಲದ್ದನ್ನು ನಮ್ಮದೆಂದು ಹಿಡಿದಿರುತ್ತೇವೆ, ಕೈಜಾರಿದಾಗ ಬೈಯುತ್ತೇವೆ. ಅದು ಸಮ್ಮಾ ವಾಚಾ ಅಲ್ಲ. ಹೋಗಲು ಬಾಗಿಲೇ ಇಲ್ಲದ ಕಡೆ ಉಳಿದವನನ್ನು ನಿಷ್ಠಾವಂತ ಎನ್ನಲಾಗದು, ಅವನು ಸೆರೆಯಾಳು. ಬಾಗಿಲು ತೆರೆದಿದ್ದೂ ಉಳಿದರೆ ಮಾತ್ರ ನಿಷ್ಠೆಗೆ ಬೆಲೆ.

ಇಂದಿನ ಅಭ್ಯಾಸ: ಕೆಲಸ, ಸಂಘ, ಪಕ್ಷ ಬಿಟ್ಟ ಯಾರನ್ನಾದರೂ ಹಳಿಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಅಲ್ಲಿ ಅವರಿಗೆ ಏನು ಸಿಕ್ಕಿತ್ತು? ನನಗೆ ನೋವಾದದ್ದು ಅವರ ತಪ್ಪಿನಿಂದಲೋ, ನನ್ನ ಹಿಡಿತ ತಪ್ಪಿದ್ದರಿಂದಲೋ?

ನಮ್ಮ ಅಧ್ಯಯನ ಬಳಗ ಬಿಟ್ಟು ಇನ್ನೊಂದು ದೊಡ್ಡ ಬಳಗ ಸೇರಿದ ಒಬ್ಬರ ಬಗ್ಗೆ ಕಳೆದ ತಿಂಗಳು ನಾನು ಇದೇ ಪದ ಆಡಿದ್ದೆ. ಇಂದು ಸಂಜೆ ಅವರಿಗೆ ಫೋನ್ ಮಾಡುತ್ತೇನೆ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.