ರವಿ ಕಾಣದ್ದನ್ನು ಕವಿ ಕಂಡ. ಕಂಡು ಏನು ಮಾಡಿದ?

ರವಿ ಕಾಣದ್ದನ್ನು ಕವಿ ಕಂಡ. ಕನ್ನಡ ಗಾದೆಗಳಲ್ಲಿ ಕವಿಗೆ ಸಂದ ಅತಿ ದೊಡ್ಡ ಬಿರುದು ಇದು. ಶಾಲು ಹೊದಿಸುವ ಸಭೆಗಳಲ್ಲಿ, ಕವನಸಂಕಲನಗಳ ಮುನ್ನುಡಿಗಳಲ್ಲಿ, ಇಲ್ಲಿ ಟೆಕ್ಸಸ್ಸಿನ ಕನ್ನಡ ಸಂಘಗಳ ಯುಗಾದಿ ಮತ್ತು ರಾಜ್ಯೋತ್ಸವದ ಕವಿಗೋಷ್ಠಿಗಳಲ್ಲಿ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ಚಪ್ಪಾಳೆ ಬೀಳುತ್ತದೆ, ಮುಂದಿನ ಕವಿ ಮೈಕಿಗೆ ಬರುತ್ತಾರೆ. ಬಳಸಿ ಬಳಸಿ ಸವೆದ ಮಾತಾದ್ದರಿಂದ ಇದರೊಳಗೆ ಒಂದು ಆಪಾದನೆಯೂ ಅಡಗಿದೆ ಎಂಬುದು ನಮಗೆ ಹೊಳೆಯುವುದಿಲ್ಲ. ಸೂರ್ಯನಿಗೇ ಕಾಣದ್ದು ಒಬ್ಬನಿಗೆ ಕಂಡಿತೆಂದರೆ ಎರಡರಲ್ಲಿ ಒಂದು ನಿಜವಿರಬೇಕು: ಆತ ನಮಗಿಂತ ಆಳಕ್ಕೆ ನೋಡಿದ್ದಾನೆ, ಇಲ್ಲವೇ ಇಲ್ಲದ್ದನ್ನು ಇದೆ ಎನ್ನುತ್ತಿದ್ದಾನೆ. ಕಾವ್ಯ ಸಮಾಜಕ್ಕೆ ಹಿತವೋ ಕೇಡೋ ಎಂಬ ಹಳೆಯ ಜಗಳವೆಲ್ಲ ಈ ಕವಲಿನಲ್ಲೇ ನಿಂತಿದೆ.

ವ್ಯಾಖ್ಯಾನದ ಪದ್ಧತಿಯಂತೆ ಮೊದಲು ಪೂರ್ವಪಕ್ಷವನ್ನು ಕೇಳೋಣ. ಕಾವ್ಯದ ಹರಟೆಯನ್ನು ಬಿಡಬೇಕು ಎಂಬ ನಿಷೇಧ ನಮ್ಮ ಶಾಸ್ತ್ರಗಳಲ್ಲೇ ಇತ್ತು. ಕಾಳಿದಾಸನ ರಘುವಂಶಕ್ಕೆ ಟೀಕೆ ಬರೆಯಲು ಕೂತ ಮಲ್ಲಿನಾಥನಿಗೆ ಆ ವಾಕ್ಯ ಬಾಗಿಲಲ್ಲೇ ಅಡ್ಡ ನಿಂತಿತು. ನಿಷೇಧವಿರುವುದು ಕೆಟ್ಟ ಕಾವ್ಯಕ್ಕೆ ಮಾತ್ರ ಎಂದು ಅರ್ಥ ಹೇಳಿ ಆತ ಒಳಹೊಕ್ಕ. ಅತ್ತ ಗ್ರೀಸಿನಲ್ಲಿ ಪ್ಲೇಟೊ ತನ್ನ ಆದರ್ಶ ನಗರದಿಂದ ಕವಿಗಳನ್ನು ಹೊರಗಿಟ್ಟ. ಕವಿ ನಕಲಿನ ನಕಲು ಮಾಡುತ್ತಾನೆ, ಜನರ ಭಾವಗಳನ್ನು ಕೆರಳಿಸುತ್ತಾನೆ ಎಂಬುದು ಅವನ ದೂರು. ಆದರೂ ಆತ ಒಂದು ಕಿಟಕಿ ತೆರೆದಿಟ್ಟ. ಕಾವ್ಯದಿಂದ ಸಂತೋಷವಷ್ಟೇ ಅಲ್ಲ, ಸಮಾಜಕ್ಕೆ ಉಪಯೋಗವೂ ಇದೆ ಎಂದು ಯಾರಾದರೂ ಛಂದಸ್ಸಿಲ್ಲದ ಮಾತಿನಲ್ಲಿ ತೋರಿಸಿಕೊಟ್ಟರೆ ಕೇಳಲು ಸಿದ್ಧ ಎಂದ. ಅಂದಿನಿಂದ ಇಂದಿನವರೆಗೆ ವಿಮರ್ಶಕರೆಲ್ಲ ಆ ವಕಾಲತ್ತನ್ನೇ ನಡೆಸುತ್ತಿದ್ದಾರೆ.

ಕನ್ನಡದಲ್ಲಿ ಈ ಮೊಕದ್ದಮೆ ಇನ್ನೂ ಖಾರವಾಗಿ ನಡೆದಿದೆ. ಹಂಪಿಯ ಹರಿಹರ ಶಿವನನ್ನೂ ಶಿವಶರಣರನ್ನೂ ಬಿಟ್ಟು ನರರನ್ನು ಹಾಡಲಾರೆ ಎಂದು ವ್ರತ ಹಿಡಿದವನು. ಅವನ ಸೋದರಳಿಯ ರಾಘವಾಂಕ ಹರಿಶ್ಚಂದ್ರ ಕಾವ್ಯ ಬರೆದು ತಂದಾಗ, ಮನುಷ್ಯಮಾತ್ರನಾದ ಅರಸನನ್ನು ಹಾಡಿದನೆಂದು ಕೆರಳಿ, ಮಾವ ಅಳಿಯನ ಹಲ್ಲು ಉದುರುವಂತೆ ಹೊಡೆದನಂತೆ. ಶರಣರ ಚರಿತೆಗಳನ್ನು ಬರೆದ ಮೇಲೆ ಆ ಹಲ್ಲುಗಳು ಮರಳಿ ಬಂದವಂತೆ. ಇದು ಐತಿಹ್ಯ, ಚರಿತ್ರೆಯಲ್ಲ. ಆದರೆ ತಪ್ಪು ವಸ್ತುವಿನ ಕಾವ್ಯ ಪಾಪ ಎಂಬ ನಂಬಿಕೆ ಎಷ್ಟು ಬಲವಾಗಿತ್ತೆಂಬುದನ್ನು ಈ ಕತೆ ಹೇಳುತ್ತದೆ.

ಹಲ್ಲು ಕಳೆದ ಆ ಕಾವ್ಯದಲ್ಲಿ ರಾಘವಾಂಕ ಕಂಡದ್ದೇನು? ಕಾಡಿನಲ್ಲಿ ಇಬ್ಬರು ಅನಾಮಿಕ, ಅಂದರೆ ಅಸ್ಪೃಶ್ಯ ಕುಲದ, ಗಾಯಕಿಯರು ಹರಿಶ್ಚಂದ್ರನೆದುರು ಹಾಡುತ್ತಾರೆ, ತಮ್ಮನ್ನು ಮದುವೆಯಾಗು ಎನ್ನುತ್ತಾರೆ. ಕುಲ ಅಡ್ಡಬಂದಾಗ ಅವರು ಎತ್ತುವ ಪ್ರಶ್ನೆ ಇಂದಿಗೂ ಹರಿತ: ನಮ್ಮ ಹಾಡನ್ನು ನಿನ್ನ ಕಿವಿ ಸವಿಯಿತು, ನಮ್ಮ ರೂಪವನ್ನು ಕಣ್ಣು ಸವಿಯಿತು, ಆಗ ಇಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಎಲ್ಲಿಂದ ಬಂತು? ಸತ್ಯಕ್ಕಾಗಿ ರಾಜ್ಯವನ್ನೇ ಬಿಡಬಲ್ಲ ಅರಸನ ಬಳಿ ಈ ಪ್ರಶ್ನೆಗೆ ಉತ್ತರವಿಲ್ಲ. ಊರಿನ ಮೇಲೂ ಕೇರಿಯ ಮೇಲೂ ಸೂರ್ಯ ಒಂದೇ ಸಮನಾಗಿ ಬೆಳಗುತ್ತಿದ್ದ. ಎರಡರ ನಡುವಿನ ಗೆರೆ ಮಾತ್ರ ಅವನ ಬೆಳಕಿಗೆ ಬೀಳಲಿಲ್ಲ. ಅದನ್ನು ಕಾಣಲು ಕವಿ ಬೇಕಾಯಿತು. ಹರಿಶ್ಚಂದ್ರನ ಕತೆ ಅಲ್ಲಿಗೆ ನಿಲ್ಲಲೂ ಇಲ್ಲ. ಶತಮಾನಗಳ ಮೇಲೆ ಗುಜರಾತಿನಲ್ಲಿ ಅದೇ ಕತೆಯ ನಾಟಕ ನೋಡಿದ ಒಬ್ಬ ಹುಡುಗ, ಎಲ್ಲರೂ ಹರಿಶ್ಚಂದ್ರನಂತೆ ಏಕಾಗಬಾರದು ಎಂದು ಹಗಲಿರುಳೂ ಯೋಚಿಸಿದ. ಮುಂದೆ ಗಾಂಧಿಯಾಗಿ ತನ್ನ ಆತ್ಮಕಥೆಯಲ್ಲಿ ಅದನ್ನು ನೆನೆದ.

ಹಾಗಾದರೆ ಕಾವ್ಯದ ಪರ ತೀರ್ಪು ಕೊಟ್ಟು ಎದ್ದುಬಿಡೋಣವೇ? ಆಗದು. ಕನ್ನಡದ ಅತಿ ಗಟ್ಟಿಯಾದ ಪೂರ್ವಪಕ್ಷ ಇನ್ನೂ ಉಳಿದಿದೆ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೂಸಾ ಎಂದರೆ ದನಕ್ಕೆ ಇಡುವ ಹೊಟ್ಟು ತೌಡು. ರಾಜ್ಯ ಹೊತ್ತಿಕೊಂಡಿತು. ಮೆರವಣಿಗೆಗಳು ಹೊರಟವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಅವರ ಬೆಂಬಲಕ್ಕೆ ನಿಂತ ಹಿರಿಯರಲ್ಲಿ ಕುವೆಂಪು ಒಬ್ಬರು.

ಬಸವಲಿಂಗಪ್ಪನವರ ಮಾತನ್ನು ಸಾಹಿತ್ಯದ್ವೇಷ ಎಂದವರು ಗಾದೆಯನ್ನು ಅರ್ಧವಷ್ಟೇ ಓದಿದವರು. ರವಿ ಕಾಣದ್ದನ್ನು ಕಾಣುವವನು ಕವಿಯೆಂದಾದರೆ, ಕಣ್ಣೆದುರಿನ ಕೇರಿಯನ್ನೇ ಕಾಣದವನನ್ನು ಏನೆಂದು ಕರೆಯಬೇಕು? ಬಸವಲಿಂಗಪ್ಪನವರ ಪ್ರಶ್ನೆ ಇದ್ದದ್ದು ಇಷ್ಟೇ. ರಾಘವಾಂಕ ಒಮ್ಮೆ ಕಂಡದ್ದನ್ನು, ವಚನಕಾರರು ಎದೆಯೊಡ್ಡಿ ಹೇಳಿದ್ದನ್ನು ಆಮೇಲಿನ ಬಹುಪಾಲು ಕಾವ್ಯ ಮರೆತು ಕೂತಿತ್ತು. ಆ ಆಪಾದನೆಗೆ ಸರಿಯಾದ ಉತ್ತರ ಬಂದದ್ದು ಖಂಡನಾ ನಿರ್ಣಯಗಳಿಂದಲ್ಲ, ಕಾವ್ಯದಿಂದಲೇ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಮೆರವಣಿಗೆಯಲ್ಲಿ, ಕೇರಿಯ ಜಗಲಿಯಲ್ಲಿ, ಓದು ಬಾರದವರ ಬಾಯಲ್ಲೂ ಅವರ ಹಾಡುಗಳು ನಿಂತವು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿ, ಕಾವ್ಯ ನೊಂದವರ ಕೈಯ ಆಯುಧವೂ ಆಗಬೇಕು, ಗೆಳೆಯನೂ ಆಗಬೇಕು ಎಂದಿತು. ಬೂಸಾ ಎಂದು ಬೈಸಿಕೊಂಡ ಭಾಷೆ ಕೆಲವೇ ವರ್ಷಗಳಲ್ಲಿ ತನ್ನ ಕಣ್ಣನ್ನು ತಾನೇ ತೊಳೆದುಕೊಂಡಿತು.

ಇಲ್ಲಿಂದ ಸಿದ್ಧಾಂತದ ಮೊದಲ ಎಳೆ ಸಿಗುತ್ತದೆ. ಕಾವ್ಯ ಕೇಡು ಮಾಡುವುದು ಬಹುಮಟ್ಟಿಗೆ ತಾನು ಕಂಡದ್ದರಿಂದಲ್ಲ, ನೋಡುತ್ತೇನೆಂದು ಹೇಳಿಕೊಂಡು ನೋಡದೆ ಬಿಟ್ಟದ್ದರಿಂದ.

ಇನ್ನು ರವಿಯ ಕಡೆ ತಿರುಗೋಣ. ಗಾದೆಯ ರವಿಯನ್ನು ನಾನು ಕಾನೂನಿನ ಕಣ್ಣು, ಕಚೇರಿಯ ಕಣ್ಣು ಎಂದು ಓದುತ್ತೇನೆ. ಅದು ಕೆಟ್ಟ ಕಣ್ಣಲ್ಲ. ಅದಿಲ್ಲದಿದ್ದರೆ ಪಡಿತರವಿಲ್ಲ, ಪಾಸ್‌ಪೋರ್ಟ್ ಇಲ್ಲ, ನಾವು ಯಾರೂ ಇಲ್ಲಿ ಬಂದಿಳಿಯುತ್ತಿರಲಿಲ್ಲ. ಅದು ಎಲ್ಲರನ್ನೂ ಎಣಿಸುತ್ತದೆ. ಎಣಿಸುವ ಗಡಿಬಿಡಿಯಲ್ಲಿ ಎಣಿಕೆಗೆ ಸಿಗದ್ದನ್ನು ಬಿಟ್ಟುಬಿಡುತ್ತದೆ.

ನಾನಿರುವ ಫಾರ್ಮರ್ಸ್ ಬ್ರಾಂಚ್ ಡಲ್ಲಾಸಿನ ಉತ್ತರಕ್ಕೆ ಅಂಟಿಕೊಂಡ ಸಣ್ಣ ನಗರ. 2006ರ ನವೆಂಬರ್‌ನಲ್ಲಿ ಇಲ್ಲಿನ ನಗರಸಭೆ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಸಾರಿತು. ಅದೇ ಹೊತ್ತಿಗೆ, ದೇಶದಲ್ಲಿರಲು ಕಾಗದಪತ್ರವಿಲ್ಲದವರಿಗೆ ಅಪಾರ್ಟ್‌ಮೆಂಟ್ ಬಾಡಿಗೆಗೆ ಕೊಡಕೂಡದು ಎಂಬ ಕಾನೂನನ್ನೂ ಮಾಡಿತು. 2007ರ ಮೇ ತಿಂಗಳಲ್ಲಿ ಮತದಾರರು ಬಾಡಿಗೆಯ ನಿಷೇಧವನ್ನು ದೊಡ್ಡ ಬಹುಮತದಿಂದ ಎತ್ತಿಹಿಡಿದರು. ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ವಲಸೆಯ ವಿಚಾರ ಕೇಂದ್ರ ಸರ್ಕಾರಕ್ಕೆ ಸೇರಿದ್ದು ಎಂಬ ನೆಲೆಯಲ್ಲಿ 2013ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ವಿರುದ್ಧ ತೀರ್ಪಿತ್ತಿತು. 2014ರಲ್ಲಿ ಸುಪ್ರೀಂ ಕೋರ್ಟ್ ನಗರದ ಮೇಲ್ಮನವಿಯನ್ನು ಕೇಳಲು ಒಪ್ಪಲಿಲ್ಲ. ಆ ಕಾನೂನನ್ನು ಬೀಳಿಸಿದ್ದು ವಕೀಲರು, ಕವಿಗಳಲ್ಲ. ಕಾವ್ಯದ ಪರ ಮಾತಾಡುವವರು ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಕಾಯಿದೆಯ ಬಾಗಿಲಿಗೆ ಕಾಯಿದೆಯದೇ ಬೀಗದ ಕೈ.

ಕಾವ್ಯದ ಕೆಲಸ ಬೇರೆ ಕಡೆ ಇದೆ. ಅದನ್ನು ನೋಡಲು ಕೊಪ್ಪಳ ಜಿಲ್ಲೆಗೆ ಹೋಗಬೇಕು. 2020ರ ಜನವರಿಯಲ್ಲಿ ಆನೆಗುಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ ಒಂದು ಕವಿತೆ ಓದಿದರು. ಪೌರತ್ವದ ದಾಖಲೆ ಕೇಳುವವರನ್ನೇ ಅದು ನಿನ್ನ ದಾಖಲೆ ಯಾವಾಗ ನೀಡುತ್ತೀ ಎಂದು ಕೇಳಿತು. ಕವಿಯ ಮೇಲೂ, ಅದನ್ನು ಹಂಚಿಕೊಂಡ ಪತ್ರಕರ್ತರೊಬ್ಬರ ಮೇಲೂ ಪ್ರಕರಣ ದಾಖಲಾಯಿತು. ಮುಂದೆ ಇಬ್ಬರಿಗೂ ಜಾಮೀನು ಸಿಕ್ಕಿತು. ಕವಿತೆಯ ರಾಜಕೀಯವನ್ನು ಒಪ್ಪದಿರಲು ಯಾರಿಗೂ ಹಕ್ಕಿದೆ. ನನ್ನ ಕುತೂಹಲ ಬೇರೆ: ಟೆಕ್ಸಸ್ಸಿನ ನಗರಸಭೆಯೂ ಆನೆಗುಂದಿಯ ಕವಿತೆಯೂ ಒಂದೇ ವಸ್ತುವಿನ ಸುತ್ತ ಮಾತಾಡಿವೆ, ಅದು ಕಾಗದ. ಕಾಗದ ಇದೆಯೇ ಇಲ್ಲವೇ ಎಂದು ಕಾನೂನು ನೋಡಿತು. ಕಾಗದ ಕೇಳಿಸಿಕೊಂಡವನ ಎದೆಯಲ್ಲಿ ಆ ಗಳಿಗೆ ಏನಾಗುತ್ತದೆ ಎಂದು ಕವಿತೆ ನೋಡಿತು. ವೀಸಾ ನವೀಕರಣಕ್ಕೆ ಕಾದು ಕೂತಿರುವ ನಮ್ಮ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಆ ಎದೆಬಡಿತ ಹೊಸದಲ್ಲ. ಹಾಗಿದ್ದೂ ಅಕ್ಕಪಕ್ಕದ ಅಪಾರ್ಟ್‌ಮೆಂಟಿನ ಮೆಕ್ಸಿಕನ್ ಕುಟುಂಬದ ಎದೆಬಡಿತವೂ ಅದೇ ಎಂದು ಅವನಿಗೆ ತಾನಾಗಿ ಹೊಳೆಯುವುದಿಲ್ಲ. ಹೊಳೆಯಿಸಬಲ್ಲದ್ದು ಕಾವ್ಯ.

ಅಧಿಕಾರ ಇದನ್ನು ಬಲ್ಲದು, ಅದಕ್ಕೇ ಅಂಜುತ್ತದೆ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಕಲಿಸಿ, 2006ರಲ್ಲಿ ಅದೇ ಊರಲ್ಲಿ ತೀರಿಕೊಂಡ ರಾಜಾ ರಾವ್ ಹಾಸನದಲ್ಲಿ ಹುಟ್ಟಿದ ಕನ್ನಡಿಗರು. ಅವರ 1938ರ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ದಲ್ಲಿ ಕನ್ನಡ ಸೀಮೆಯ ಹಳ್ಳಿಗೆ ಸ್ವಾತಂತ್ರ್ಯ ಚಳವಳಿ ಬರುವುದು ಭಾಷಣವಾಗಿ ಅಲ್ಲ, ಹರಿಕಥೆಯಾಗಿ. ದಾಸರು ಶಿವಪಾರ್ವತಿಯರ ಕತೆಯ ನಡುವೆ ಗಾಂಧಿಯ ಅವತಾರವನ್ನು ಬೆರೆಸುತ್ತಾರೆ. ಅದರ ಬೆನ್ನಿಗೇ ಪೊಲೀಸಿನವನೊಬ್ಬ ಊರಿಗೆ ಬಂದು ಬಿಡಾರ ಹೂಡುತ್ತಾನೆ. ಕಾವ್ಯದಿಂದ ಏನೂ ಆಗುವುದಿಲ್ಲ ಎಂಬ ಮಾತು ನಿಜವಾಗಿದ್ದರೆ ಆ ಪೇದೆಗೆ ಅಲ್ಲಿ ಕೆಲಸವಿರುತ್ತಿರಲಿಲ್ಲ.

ಆದರೆ ಹರಿಕಥೆಗೆ ಇರುವ ಈ ಶಕ್ತಿಯೇ ದ್ವೇಷದ ಹಾಡಿಗೂ ಇದೆ. ಪ್ರಾಸ ಕೂಡಿದ ಸುಳ್ಳು ಬರಿಯ ಸುಳ್ಳಿಗಿಂತ ಬೇಗ ಬಾಯಿಗೆ ಹತ್ತುತ್ತದೆ. ಇನ್ನೊಬ್ಬರನ್ನು ಹೊಡೆಯಿರಿ ಎನ್ನುವ ಸಾಲಿಗೆ ಛಂದಸ್ಸು ಕ್ಷಮಾಪಣೆಯಾಗದು. ಹಾಗಾಗಿ ಎರಡಕ್ಕೂ ವ್ಯತ್ಯಾಸ ಹೇಳುವ ಅಳತೆಗೋಲು ಬೇಕು, ಅದು ಗಾದೆಯಲ್ಲೇ ಇದೆ. ದ್ವೇಷದ ಹಾಡು ಹೊಸದೇನನ್ನೂ ಕಾಣುವುದಿಲ್ಲ. ಗುಂಪು ಆಗಲೇ ಬೆರಳು ತೋರಿಸಿದ ಶತ್ರುವಿನ ಮೇಲೆ ಇನ್ನಷ್ಟು ಬೆಳಕು ಚೆಲ್ಲುತ್ತದೆ, ಅಷ್ಟೇ. ಅರಸನ ಹೊಗಳಿಕೆಯೂ ಹೀಗೆಯೇ: ಆಗಲೇ ಹೊಳೆಯುತ್ತಿರುವ ಕಿರೀಟಕ್ಕೆ ಮತ್ತೊಂದು ಒರಸು. ಪಂಪನೂ ಆಸ್ಥಾನದಲ್ಲಿದ್ದವನು. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನೊಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದು ಮಾಡಿದವನು. ಆದರೂ ಮಹಾಭಾರತದಲ್ಲಿ ನೆನೆಯುವುದಾದರೆ ಒಂದೇ ಮನಸ್ಸಿನಿಂದ ಕರ್ಣನನ್ನು ನೆನೆಯಿರಿ ಎಂದು ಹೇಳದೆ ಅವನಿಂದ ಇರಲಾಗಲಿಲ್ಲ. ಒಡೆಯನ ಕೈಯಲ್ಲೇ ಸತ್ತ ಸೂತಪುತ್ರನ ಕಡೆ ಕಣ್ಣು ಹೊರಳಿತಲ್ಲ, ಆಸ್ಥಾನದ ಉಳಿದ ಹೊಗಳುಭಟರಿಂದ ಪಂಪನನ್ನು ಬೇರೆ ಮಾಡುವುದು ಆ ಹೊರಳುವಿಕೆ.

ಈ ಅಳತೆಗೋಲನ್ನು ನಮ್ಮ ಮೇಲೂ ಇಟ್ಟು ನೋಡಬೇಕಲ್ಲ. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆದಾಗಿನಿಂದ 2018ರಲ್ಲಿ ಅದು ಡಲ್ಲಾಸಿಗೆ ಬರುವವರೆಗೆ, ಆಮೇಲೂ, ಟೆಕ್ಸಸ್ಸಿನ ಕನ್ನಡಿಗರು ವೇದಿಕೆಗೆ ಕೊರತೆ ಮಾಡಿಕೊಂಡಿಲ್ಲ. ಆ ವೇದಿಕೆಗಳಲ್ಲಿ ನಾವು ಹೆಚ್ಚಾಗಿ ಓದುವುದು ಮಲೆನಾಡಿನ ಮಳೆ, ಅಜ್ಜಿಯ ತುಪ್ಪ, ತಾಯ್ನುಡಿಯ ಸಿರಿ. ಇವೆಲ್ಲ ಪ್ರೀತಿಯ ವಸ್ತುಗಳೇ. ಆದರೆ ಎಲ್ಲರೂ ಕಂಡವು, ನೂರಾರು ಸಲ ಬೆಳಕು ಬಿದ್ದವು. ಉದ್ಯೋಗ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದ ಎಂಜಿನಿಯರಿಂಗ್ ಪದವೀಧರೆಯರು ದುಡಿಯುವ ಹಕ್ಕಿಲ್ಲದೆ ಮನೆಯಲ್ಲಿ ಕೂತರು. 2015ರಲ್ಲಿ ಅವರಲ್ಲಿ ಕೆಲವರಿಗೆ ಮಾತ್ರ ಪರವಾನಗಿ ಸಿಗುವ ದಾರಿ ತೆರೆಯಿತು. ಆ ವರ್ಷಗಳ ಮಧ್ಯಾಹ್ನಗಳನ್ನು ಬರೆದವರೆಷ್ಟು ಮಂದಿ? ಬಾಣಂತನಕ್ಕೆ ಆರು ತಿಂಗಳು ಬಂದು, ಕಾರು ಓಡಿಸಲು ಬಾರದೆ, ಮಾತಾಡಲು ಯಾರೂ ಸಿಗದೆ ಬಾಲ್ಕನಿಯಲ್ಲಿ ನಿಲ್ಲುವ ತಾಯಂದಿರನ್ನು ಕಂಡವರೆಷ್ಟು ಮಂದಿ? ನಮ್ಮ ಮದುವೆಗಳಲ್ಲಿ, ನಮ್ಮ ಒಳಗುಂಪುಗಳಲ್ಲಿ ಸಮುದ್ರ ದಾಟಿ ಬಂದ ಜಾತಿಯನ್ನು ಹೆಸರಿಟ್ಟು ಕರೆದವರೆಷ್ಟು ಮಂದಿ? ಬಸವಲಿಂಗಪ್ಪನವರು ಇಂದು ಡಲ್ಲಾಸಿನ ಸಭಾಂಗಣಕ್ಕೆ ಬಂದರೆ ಅವರ ಮಾತು ಬದಲಾಗಬೇಕಾದ ಕಾರಣ ನನಗೇನೂ ತೋರುವುದಿಲ್ಲ.

ಕಾವ್ಯದ ಪ್ರಯೋಜನಗಳನ್ನು ಪಟ್ಟಿಮಾಡಿದ ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟ, ಕೀರ್ತಿ, ಹಣ, ಲೋಕವ್ಯವಹಾರದ ತಿಳಿವು, ಆನಂದ, ಕಾಂತೆಯಂತೆ ನಯವಾಗಿ ಹೇಳುವ ಬುದ್ಧಿಮಾತು ಇವುಗಳ ಜೊತೆಗೆ ಅಮಂಗಳದ ನಿವಾರಣೆಯನ್ನೂ ಸೇರಿಸಿದ. ಕವಿಗಳು ಮೊದಲೆರಡನ್ನು ಬೇಗ ನೆನಪಿಡುತ್ತಾರೆ, ಕೇಳುವವರು ಆನಂದವನ್ನು. ಸಮಾಜದ ಲೆಕ್ಕದಲ್ಲಿ ತೂಗುವುದು ಅಮಂಗಳದ ನಿವಾರಣೆ. ಅಮಂಗಳವನ್ನು ಕಳೆಯಬೇಕಾದರೆ ಮೊದಲು ಅದು ಎಲ್ಲಿ ಅವಿತಿದೆ ಎಂದು ಕಾಣಬೇಕು.

ಆದ್ದರಿಂದ ಸಿದ್ಧಾಂತ ಹೀಗೆ. ಕಾವ್ಯ ತಾನಾಗಿ ಹಿತವೂ ಅಲ್ಲ, ಕೇಡೂ ಅಲ್ಲ. ರವಿಯ ಬಾಲ ಹಿಡಿದು ಹೋಗುವ ಕವಿ, ಅಂದರೆ ಅರಸನನ್ನೋ ಗುಂಪನ್ನೋ ತನ್ನ ಹಳೆಯ ಊರನ್ನೋ ಕಣ್ಣುಮುಚ್ಚಿ ಹೊಗಳುವವನು, ಕೇಳುಗರ ಕಣ್ಣನ್ನೂ ಮುಚ್ಚಿಸುತ್ತಾನೆ. ಮಲ್ಲಿನಾಥ ಕೆಟ್ಟ ಕಾವ್ಯ ಎಂದದ್ದನ್ನು ನಾನು ಹೀಗೆ ಅರ್ಥೈಸುತ್ತೇನೆ. ಬೆಳಕು ತಲುಪದಲ್ಲಿಗೆ ಹೋಗಿ ನೋಡಿ ಬಂದವನನ್ನು ಬೈಯಬಹುದು, ಅವನ ಮೇಲೆ ಪ್ರಕರಣ ಹೂಡಬಹುದು, ಹಲ್ಲನ್ನೂ ಉದುರಿಸಬಹುದು. ಸಮಾಜಕ್ಕೆ ಬೇಕಾದವನು ಅವನೇ. ಗಾದೆ ಕವಿಗೆ ಕೊಟ್ಟದ್ದು ಬಿರುದನ್ನಲ್ಲ, ಕೆಲಸವನ್ನು. ಮುಂದಿನ ಕವಿಗೋಷ್ಠಿಯಲ್ಲಿ ಯಾರಾದರೂ ಈ ಮಾತು ಹೇಳಿದರೆ ಚಪ್ಪಾಳೆಗೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಸರಿ, ನೀವು ಈ ಸಲ ಏನು ಕಂಡಿರಿ?